ಎರಡು ಸಲ ಅಳೆಯುವವಳು

ಕತ್ತರಿಗೆ ತನ್ನ ಅಕ್ಕನನ್ನು ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಅಂಗಡಿಯ ಹೊಲಿಗೆ ಯಂತ್ರಗಳಿಗೂ ಅದು ಗೊತ್ತಿತ್ತು. ಅಕ್ಕನಿಗೂ ತಂಗಿಯೆಂದರೆ ಅಷ್ಟಕ್ಕಷ್ಟೆ. ಆದರೂ ಇಬ್ಬರೂ ಕೆಳಗೆ ಒಂದೇ ಅಂಗಡಿ ನಡೆಸುತ್ತಿದ್ದರು, ಮೇಲೆ ಒಂದೇ ಮನೆಯಲ್ಲಿ ಮಲಗುತ್ತಿದ್ದರು, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಬೇರೆ ಬೇರೆ ಹೊತ್ತಿಗೆ ಉಣ್ಣುತ್ತಿದ್ದರು. ಎರಡು ಜಡೆ ಕೂಡುವುದಿಲ್ಲ ಎಂದು ಬೀದಿಯ ಗಂಡಸರು ನಗುತ್ತಿದ್ದರು. ಆ ಗಂಡಸರಲ್ಲಿ ಅರ್ಧಕ್ಕರ್ಧ ಜನ ತಮ್ಮ ಒಡಹುಟ್ಟಿದವರ ಮೇಲೆ ಕೋರ್ಟಿಗೆ ಹೋದವರು, ಇರಲಿ.

ಅಂಗಡಿಯಲ್ಲಿ ಹೊಲಿಯುತ್ತಿದ್ದುದು ಬರೀ ಸಮವಸ್ತ್ರ. ಶಾಲೆಯದು, ಆಸ್ಪತ್ರೆಯದು, ಕಾವಲುಗಾರರದು. ಅಕ್ಕ ಗಲ್ಲಾದಲ್ಲಿ ಕೂರುವವಳು. ಗಿರಾಕಿ, ಆರ್ಡರು, ಬೈಗುಳ ಮೂರೂ ಅವಳ ಇಲಾಖೆ. ತಂಗಿ ಹಿಂದುಗಡೆ, ಮಹಡಿ ಮೆಟ್ಟಿಲಿನ ಪಕ್ಕ, ಉದ್ದನೆಯ ಮೇಜಿನ ಮುಂದೆ ನಿಂತು ಬಟ್ಟೆ ಕತ್ತರಿಸುವವಳು. ಕತ್ತರಿ ಎಂಬ ಅಡ್ಡಹೆಸರು ಹಾಗೆ ಬಂದದ್ದು. ನಾಲಿಗೆಯೂ ಕತ್ತರಿಯೇ ಇರಬೇಕು ಎಂದು ಹೊಸ ಗಿರಾಕಿಗಳು ಹೆದರುತ್ತಿದ್ದರು. ಸುಳ್ಳು ಭಯ. ಅವಳ ತುಟಿಗಳ ನಡುವೆ ಸದಾ ಗುಂಡುಸೂಜಿಗಳಿರುತ್ತಿದ್ದವು, ಸೂಜಿ ಕಚ್ಚಿಕೊಂಡವಳು ಮಾತಾಡುವುದು ಎಲ್ಲಿಂದ ಬಂತು? ಅಕ್ಕ ಬೈದರೆ ಕೇಳಿಸಿಕೊಳ್ಳುತ್ತಿದ್ದಳು, ಒಂದು ಸೂಜಿ ತೆಗೆದು ಬಟ್ಟೆಗೆ ಚುಚ್ಚುತ್ತಿದ್ದಳು.

ಕೆಲಸ ಕಲಿಸಿದವನು ಅಪ್ಪ. ಬಾಯಿಗಿಂತ ಮರದ ಸ್ಕೇಲನ್ನು ಹೆಚ್ಚು ಬಳಸುತ್ತಿದ್ದ ದರ್ಜಿ. "ಎರಡು ಸಲ ಅಳೆ, ಒಂದು ಸಲ ಕತ್ತರಿಸು" ಎಂಬುದೊಂದೇ ಅವನ ವೇದಾಂತ. ಹುಡುಗಿ ಟೇಪು ಹಿಡಿದು ಅಂಕಿ ಹೇಳಬೇಕು, ಮುಖ ತಿರುಗಿಸಬೇಕು, ಮತ್ತೆ ನೋಡಿ ಮತ್ತೆ ಹೇಳಬೇಕು. ಎರಡೂ ಒಂದೇ ಆಗದಿದ್ದರೆ ಬೆರಳ ಗೆಣ್ಣಿನ ಮೇಲೆ ಸ್ಕೇಲು ಬೀಳುತ್ತಿತ್ತು. ಅಕ್ಕನಿಗೆ ಈ ವಿದ್ಯೆ ಹತ್ತಲಿಲ್ಲ, ಅವಳು ಏಟು ತಿಂದು ತಿಂದು ಗಲ್ಲಾ ಸೇರಿದಳು. ತಂಗಿಗೆ ಹತ್ತಿತು. ಎಷ್ಟರಮಟ್ಟಿಗೆ ಎಂದರೆ ನಿದ್ದೆಯಲ್ಲೂ ಬಿಡಲಿಲ್ಲ.

ಚಿಕ್ಕವಳಿದ್ದಾಗ ಒಂದು ಕನಸು. ಅಪ್ಪ ಎದುರು ನಿಂತಿದ್ದಾನೆ, ಟೇಪಿನಲ್ಲಿ ಮೂವತ್ತು ಕಾಣುತ್ತಿದೆ. ಮುಖ ತಿರುಗಿಸಿ ಮತ್ತೆ ನೋಡಿದಳು, ಹನ್ನೊಂದು. ಇನ್ನೊಮ್ಮೆ ನೋಡಿದರೆ ಅಂಕಿಯೇ ಇಲ್ಲ, ಇರುವೆಗಳ ಸಾಲು. ಗೆಣ್ಣುಗಳನ್ನು ಕಂಕುಳಲ್ಲಿ ಮುಚ್ಚಿಕೊಂಡಾಗ ಅವಳಿಗೆ ಹೊಳೆಯಿತು: ಟೇಪು ಸುಳ್ಳು ಹೇಳುವುದಿಲ್ಲ, ಆದ್ದರಿಂದ ಸುಳ್ಳು ಹೇಳುತ್ತಿರುವುದು ಈ ಕೋಣೆ. ತಾನು ನಿದ್ದೆಯಲ್ಲಿದ್ದೇನೆ. ಕೂಡಲೇ ಅಪ್ಪನ ಕೈಯಿಂದ ಸ್ಕೇಲು ಕಿತ್ತು ಮೊಣಕಾಲಿಗೆ ಬಡಿದು ಮುರಿದಳು. ಬೆಳಗ್ಗೆ ಎದ್ದಾಗ ಸ್ಕೇಲು ಎಂದಿನಂತೆ ಮೊಳೆಯಲ್ಲಿ ನೇತಾಡುತ್ತಿತ್ತು, ಆದರೆ ಅವಳಿಗೆ ಹೊಟ್ಟೆ ತುಂಬ ಉಂಡಂತಿತ್ತು. ಅವಳು ಕೆಟ್ಟಿದ್ದು ಅಲ್ಲೇ. ಸಿಟ್ಟನ್ನು ಎಚ್ಚರದಲ್ಲಿ ತೀರಿಸಿಕೊಳ್ಳುವ ಕಷ್ಟ ಯಾರಿಗೆ ಬೇಕು, ದಿಂಬಿನ ಮೇಲೆ ಪುಕ್ಕಟೆ ಸಿಗುವಾಗ?

ಅಂದಿನಿಂದ ಟೇಪೇ ಅವಳ ಪರೀಕ್ಷೆ. ಕನಸಿನಲ್ಲೂ ಅಪ್ಪನ ಹಳೆಯ ಹಳದಿ ಟೇಪು ಕೊರಳಲ್ಲಿ ಇದ್ದೇ ಇರುತ್ತಿತ್ತು. ಒಂದು ಕಡೆ ಮಾತ್ರ ಅಂಕಿ, ಹಿಂದೆ ಬೋಳು. ಎರಡು ಸಲ ನೋಡುತ್ತಿದ್ದಳು. ಅಂಕಿ ನಿಂತರೆ ಎಚ್ಚರ, ಬದಲಾದರೆ ಕನಸು. ಕನಸೆಂದು ಗೊತ್ತಾದ ಮೇಲೆ ಅಲ್ಲಿ ಅವಳದೇ ಆಡಳಿತ.

ಎಚ್ಚರದಲ್ಲಿ ಅವಳ ಆಡಳಿತವಿದ್ದದ್ದು ಕಣ್ಣಳತೆಯ ಮೇಲೆ. ಬೀದಿಯ ಆಚೆ ನಡೆದುಹೋಗುವವರ ಎದೆ, ಸೊಂಟ, ತೋಳು ಇಲ್ಲಿಂದಲೇ ಹೇಳಿಬಿಡುತ್ತಿದ್ದಳು. ಮಾತಾಡಿಸಲು ಬಂದವರ ಮುಖ ನೋಡುವ ಮೊದಲು ಭುಜ ನೋಡುತ್ತಿದ್ದಳು. ಅಮ್ಮ ಕಾಯಿಲೆ ಬಿದ್ದ ಹೊಸದರಲ್ಲಿ ಒಂದು ದಿನ ಊಟಕ್ಕೆ ಕೂತಾಗ, "ಅಮ್ಮಾ, ಸೊಂಟ ಎರಡಿಂಚು ಇಳಿದಿದೆ" ಎಂದಳು. ಅಮ್ಮ ತಟ್ಟೆ ಸರಿಸಿ ಎದ್ದುಹೋದಳು. ಕತ್ತರಿ ಅವತ್ತೇ ಅಮ್ಮನ ಉಡುಪುಗಳ ಪಕ್ಕ ಹಿಡಿದು ಬಿಗಿ ಮಾಡಿ ಹೊಲಿದುಕೊಟ್ಟಳು. ಮುಂದಿನ ತಿಂಗಳು ಮತ್ತೆ ಹಿಡಿದಳು. ಪ್ರೀತಿ ತೋರಿಸಲು ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

ಅಮ್ಮ ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದ ಮೇಲೆ ಅಕ್ಕ ಬಾಗಿಲು ಕಾಯತೊಡಗಿದಳು. "ಮಲಗಿದ್ದಾಳೆ, ಈಗ ಬೇಡ. ನೀನು ಆರ್ಡರು ಮುಗಿಸು. ಬೇಕಾದ್ರೆ ನಾನೇ ಕರೀತೀನಿ." ಹೀಗೆ ದಿನಗಳು ಹೋದವು. ಒಂದು ಮಧ್ಯಾಹ್ನ ಕತ್ತರಿ ಶಾಲೆಯ ಹುಡುಗರ ಅಂಗಿಗಳನ್ನು ಕತ್ತರಿಸುತ್ತಿದ್ದಾಗ ಅಕ್ಕ ಮೆಟ್ಟಿಲಿಳಿದು ಬಂದು "ಮುಗೀತು" ಎಂದಳು. ಹತ್ತೇ ಮೆಟ್ಟಿಲ ದೂರ. ಒಂದು ಕೂಗು ಹಾಕಿದ್ದರೆ ಸಾಕಿತ್ತು.

ಕತ್ತರಿ ಆಗ ಕೇಳಬೇಕಿತ್ತು. ಬಾಯಲ್ಲಿ ಸೂಜಿಗಳಿದ್ದವು, ಕೇಳಲಿಲ್ಲ. ಮಾರನೆಯ ದಿನ ಕೇಳಬಹುದಿತ್ತು, ಅಷ್ಟರಲ್ಲಿ ಕನಸಿನಲ್ಲಿ ಕೇಳಿಯಾಗಿತ್ತು.

ಅದೇ ರೂಢಿಯಾಯಿತು. ಕನಸು ಬೀಳುವುದು, ಟೇಪು ನೋಡುವುದು, ಅಂಕಿ ಕದಲುವುದು, ನೇರ ಗಲ್ಲಾಕ್ಕೆ ನಡೆದು ಗುಂಡಿಗಳ ಡಬ್ಬಿಯನ್ನು ಅಕ್ಕನ ತಲೆಯ ಮೇಲೆ ಸುರಿಯುವುದು. ಅದು ಬರೀ ಪೀಠಿಕೆ. ಆಮೇಲೆ ಎದುರಿಗಿದ್ದ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿ ಹಾಕಿ, "ಹೇಳೇ, ಯಾಕೆ ಕರೀಲಿಲ್ಲ?" ಎಂದು ಕೇಳುವುದು. ಕನಸಿನ ಅಕ್ಕ ಒಂದು ಸಲ ಆರ್ಡರು ಇತ್ತು ಅನ್ನುತ್ತಿದ್ದಳು, ಒಂದು ಸಲ ಮರೆತೆ ಅನ್ನುತ್ತಿದ್ದಳು, ಒಂದು ಸಲ ನಿನ್ನ ಕಂಡ್ರೆ ಹೊಟ್ಟೆಕಿಚ್ಚು ಎಂದು ಕಾಲಿಗೆ ಬೀಳುತ್ತಿದ್ದಳು. ಕತ್ತರಿ ಒದ್ದು ಆಚೆ ಹಾಕಿ ನೆಮ್ಮದಿಯಾಗಿ ಏಳುತ್ತಿದ್ದಳು. ಹನ್ನೊಂದು ವರ್ಷ ಇದೇ ಆಯಿತು. ಅಷ್ಟು ವರ್ಷ ಬೆಳಗ್ಗೆ ಅಕ್ಕನ ಎದುರು ಸೂಜಿ ಕಚ್ಚಿಕೊಂಡು ನಿಲ್ಲಲು ಅವಳಿಗೆ ಸಾಧ್ಯವಾದದ್ದೇ ಇದರಿಂದ.

ಇದನ್ನು ಹೊರಗೆಳೆದವಳು ಅಕ್ಕನ ಮಗಳು. ಅವಳು ವಿಶ್ವವಿದ್ಯಾಲಯದಲ್ಲಿ ನಿದ್ರೆಯ ಬಗ್ಗೆ ಓದುತ್ತಿದ್ದಳು. ಅದನ್ನೂ ಓದುತ್ತಾರೆ ಎಂಬುದೇ ಅಕ್ಕನಿಗೆ ಅವಮಾನ. ಒಂದು ದಿನ ಕತ್ತರಿ ಊಟದ ನಡುವೆ, "ಟೇಪು ನೋಡಿದೆ, ಕನಸು ಅಂತ ಗೊತ್ತಾಯ್ತು" ಎಂದು ಬಾಯಿ ಜಾರಿ ಅಂದುಬಿಟ್ಟಳು. ಹುಡುಗಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಚಿಕ್ಕಮ್ಮಾ, ಕನಸಿನ ಒಳಗೇ ಗೊತ್ತಾಗುತ್ತಾ? ಯಾವಾಗ್ಲೂ?"

"ಯಾಕೆ, ನಿನಗೆ ಗೊತ್ತಾಗಲ್ವಾ?"

"ನನಗಲ್ಲ, ಯಾರಿಗೂ ಅಷ್ಟು ಸುಲಭವಾಗಿ ಗೊತ್ತಾಗಲ್ಲ! ನೀವು ನಮ್ಮ ಡಾಕ್ಟರನ್ನ ನೋಡ್ಲೇಬೇಕು."

"ನಿದ್ದೆ ಮಾಡೋಕೆ ಯೂನಿವರ್ಸಿಟಿಗೆ ಹೋಗ್ಬೇಕಾ?" ಎಂದು ಅಕ್ಕ ಒಳಗಿನಿಂದ ಕೂಗಿದಳು. "ಇಲ್ಲೇ ಮಾಡ್ತಾಳಲ್ಲ, ನಿಂತ್ಕೊಂಡೇ!"

ಆ ಮಾತಿಗಾಗಿಯೇ ಕತ್ತರಿ ಹೋದಳು.

ನಿದ್ರೆ ಡಾಕ್ಟರು ದಪ್ಪ ಕನ್ನಡಕದ, ಸಾವಧಾನದ ಹೆಂಗಸು. ತಲೆಗೆ ತಂತಿಗಳನ್ನು ಅಂಟಿಸುತ್ತಾ ಕಥೆ ಹೇಳುವ ಚಟ ಅವರಿಗೆ. ರಾಜರು ಕನಸಿನ ಅರ್ಥ ಹೇಳುವವರನ್ನು ಸಂಬಳ ಕೊಟ್ಟು ಸಾಕುತ್ತಿದ್ದರಂತೆ. ತಮಗೆ ಬೇಡವಾದ ಅರ್ಥ ಹೇಳಿದವನ ಗತಿ ಏನಾಗುತ್ತಿತ್ತೋ, ಡಾಕ್ಟರು ಹೇಳಲಿಲ್ಲ. ನಿದ್ದೆಯಲ್ಲಿರುವಾಗಲೇ ಒಳಗಿನಿಂದ ಏನೋ ಒಂದು 'ಇದು ಕನಸು' ಎಂದು ಹೇಳುವುದುಂಟು ಎಂದು ಗ್ರೀಕರ ತತ್ತ್ವಜ್ಞಾನಿಯೊಬ್ಬ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬರೆದಿಟ್ಟಿದ್ದನಂತೆ. ಹಿಮದ ಬೆಟ್ಟಗಳ ಸನ್ಯಾಸಿಗಳು ಕನಸಿನಲ್ಲಿ ಎಚ್ಚರವಾಗಿರುವುದನ್ನೇ ಸಾಧನೆ ಮಾಡಿಕೊಂಡಿದ್ದರಂತೆ, ಸಾವಿನಲ್ಲೂ ಹಾಗೇ ಎಚ್ಚರವಾಗಿರಬಹುದು ಎಂಬ ಆಸೆಯಿಂದ. ಯೂರೋಪಿನ ಒಬ್ಬ ಸಿರಿವಂತರ ಹುಡುಗ ಹದಿಮೂರನೆಯ ವಯಸ್ಸಿನಿಂದ ಕನಸುಗಳನ್ನು ಬರೆಯುತ್ತಾ ಬರೆಯುತ್ತಾ, ಅವನ್ನು ಬೇಕಾದ ಕಡೆ ತಿರುಗಿಸುವುದನ್ನು ಕಲಿತನಂತೆ. ಬೇರೆ ಕೆಲಸವಿರಲಿಲ್ಲ ಅಂತ ಕಾಣುತ್ತದೆ ಎಂದು ಕತ್ತರಿ ಅಂದುಕೊಂಡಳು.

"ವಿಜ್ಞಾನಿಗಳು ಮಾತ್ರ ತುಂಬಾ ದಿನ ನಂಬಲೇ ಇಲ್ಲ" ಎಂದರು ಡಾಕ್ಟರು. "ಅದು ಕನಸಲ್ಲ, ಮಧ್ಯೆ ಒಂದು ಗಳಿಗೆ ಎಚ್ಚರ ಆಗಿರ್ತೀರಿ, ಅಷ್ಟೆ ಅನ್ನೋರು. ಮಲಗಿರೋರು ಸಾಕ್ಷಿ ಹೇಳೋದು ಹೇಗೆ? ಕನಸು ಬೀಳೋವಾಗ ಮೈಯೆಲ್ಲಾ ಬೀಗ ಹಾಕಿದ ಹಾಗಿರುತ್ತೆ, ಕೈಕಾಲು ಆಡಲ್ಲ. ಆದ್ರೆ ಕಣ್ಣುಗುಡ್ಡೆಗೆ ಬೀಗ ಇಲ್ಲ. ಐವತ್ತು ವರ್ಷದ ಹಿಂದೆ ಒಬ್ಬರಿಗೆ ಅದು ಹೊಳೀತು. ಕನಸು ಅಂತ ಗೊತ್ತಾದ ತಕ್ಷಣ ಕಣ್ಣನ್ನ ಎಡಕ್ಕೆ, ಬಲಕ್ಕೆ, ಎಡಕ್ಕೆ, ಬಲಕ್ಕೆ ಹೊರಳಿಸಿ ಅಂತ ಮೊದಲೇ ಮಾತಾಡಿಕೊಂಡ್ರು. ಮಲಗಿದವನು ಹೊರಳಿಸಿದ, ಯಂತ್ರ ಬರ್ಕೊಂಡ್ತು. ನೀವೂ ಅದೇ ಮಾಡಿ."

ಕತ್ತರಿ ಮಾಡಿದಳು. ಬೆಳಗಿನ ನಿದ್ದೆಯಲ್ಲಿ ಇಂಥ ಕನಸು ಸುಲಭವಂತೆ; ಹಾಗಾಗಿ ನಸುಕಿನಲ್ಲಿ ಎದ್ದು ಒಂದಿಷ್ಟು ಕೆಲಸ ಮುಗಿಸಿ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋಗಿ ಮಲಗುತ್ತಿದ್ದಳು. ನಾಲ್ಕು ಸಲ ಕಣ್ಣು ಹೊರಳಿಸಿ, ಆಮೇಲೆ ಎಂದಿನಂತೆ ಅಕ್ಕನ ತಲೆಯ ಮೇಲೆ ಗುಂಡಿ ಸುರಿಯುತ್ತಿದ್ದಳು. ಪರದೆಯ ಮೇಲಿನ ಗೆರೆ ನೋಡಿ ಅಕ್ಕನ ಮಗಳು ಚಪ್ಪಾಳೆ ತಟ್ಟಿದಳು. ಗೆರೆಯ ಹಿಂದೆ ಯಾರ ತಲೆ ಇತ್ತು ಎಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಡಾಕ್ಟರಿಗೆ ಮಾತ್ರ ಕತ್ತರಿ ನಿಜ ಹೇಳಿದಳು. "ಅಕ್ಕನ ಹತ್ರ ಒಂದು ಮಾತು ಕೇಳ್ತೀನಿ. ಉತ್ತರ ಕೊಡ್ತಾಳೆ, ಆದ್ರೆ ಹೊಸದೇನೂ ಹೇಳಲ್ಲ."

"ಹೇಗೆ ಹೇಳ್ತಾರೆ? ಆ ಅಕ್ಕನ ಬಾಯಲ್ಲಿ ಮಾತು ಇಡೋರು ನೀವೇ ಅಲ್ವಾ? ನಿಮಗೆ ಗೊತ್ತಿಲ್ಲದ್ದು ಅವರಿಗೆಲ್ಲಿಂದ ಬರ್ಬೇಕು? ಎದ್ದಿರೋವಾಗ ಕೇಳಿ." ಇನ್ನೂ ಒಂದು ಮಾತು ಹೇಳಿದರು. "ಹುಷಾರು, ಇಲ್ಲಿ ಮಲಗೋರಿಗೆ ಎದ್ದ ಹಾಗೇ ಕನಸು ಬೀಳುತ್ತೆ. ಎದ್ದೆ, ಮನೆಗೆ ಹೋದೆ ಅಂದ್ಕೊಂಡಿರ್ತೀರಿ, ನೋಡಿದ್ರೆ ಇನ್ನೂ ಇದೇ ಹಾಸಿಗೆ."

"ನನ್ನ ಟೇಪು ಇದೆ" ಎಂದಳು ಕತ್ತರಿ. ಆ ಗರ್ವಕ್ಕೆ ಮದ್ದು ಮನೆಯಲ್ಲೇ ತಯಾರಾಗುತ್ತಿತ್ತು.

ಕಾವಲುಗಾರರ ಅಂಗಿಗಳ ಕಾಲರು ದೊಡ್ಡದಾಗಿದೆ ಎಂದು ಒಂದು ಕಟ್ಟು ವಾಪಸು ಬಂದಿತ್ತು. ಅಕ್ಕ ಅಪ್ಪನ ಟೇಪನ್ನು ಹೊಸ ಟೇಪಿನ ಪಕ್ಕ ಹಿಡಿದು ನೋಡಿದಳು. ಎಳೆದು ಎಳೆದು ಅದು ಹಿಗ್ಗಿಹೋಗಿತ್ತು. ಹೆಂಗಸು ಕೆಟ್ಟವಳೇ ಇರಲಿ, ಈ ವಿಷಯದಲ್ಲಿ ಅವಳದೇ ಸರಿ. ಹೇಳಿ ಕೇಳಿ ಮಾಡುವ ಜಾಯಮಾನ ಅವಳದಲ್ಲ. ಹಳೆಯದನ್ನು ಕಸದ ಬುಟ್ಟಿಗೆ ಎಸೆದು, ಅದು ನೇತಾಡುತ್ತಿದ್ದ ಮೊಳೆಗೇ ಅದೇ ಹಳದಿ ಬಣ್ಣದ ಹೊಸದನ್ನು ನೇತುಹಾಕಿದಳು. ಹೊಸದಕ್ಕೆ ಎರಡು ಮುಖ: ಒಂದು ಕಡೆ ಇಂಚು, ಇನ್ನೊಂದು ಕಡೆ ಸೆಂಟಿಮೀಟರು. ಕತ್ತರಿ ಆ ಹೊತ್ತಿನಲ್ಲಿ ಲ್ಯಾಬಿನಲ್ಲಿ ಮಲಗಿದ್ದಳು.

ಅವತ್ತಿನ ನಿದ್ದೆಯೂ ಹಾಳು ನಿದ್ದೆ. ಎದ್ದೆ ಅಂದುಕೊಂಡು ಅಂಗಡಿಯವರೆಗೆ ನಡೆದುಬಂದು ಟೇಪು ನೋಡಿದರೆ ಅಂಕಿ ಕದಲಿತು, ಕನಸು. ಮತ್ತೆ ಎದ್ದಳು, ತಂತಿ ಬಿಡಿಸಿಕೊಂಡಳು, ಬೀದಿ ದಾಟಿದಳು, ಅದೂ ಕನಸು. ಮೂರನೆಯ ಸಲ ನಿಜವಾಗಿ ಎದ್ದಾಗ ತಲೆ ಮೊದ್ದಾಗಿತ್ತು. ಅಂಗಡಿಗೆ ಬಂದಳು. ಗಲ್ಲಾದ ಮುಂದೆ ಆಸ್ಪತ್ರೆಯ ಮೇಟ್ರನ್ ಕೂತಿದ್ದರು, ನರ್ಸುಗಳ ಕೋಟುಗಳಿಗೆಂದು ತಂದ ಬಿಳಿ ಬಟ್ಟೆ ಅವರ ಮುಂದೆ ಹರಡಿಕೊಂಡಿತ್ತು.

"ಬಂದ್ಳು ಮಹಾರಾಣಿ" ಎಂದಳು ಅಕ್ಕ, ಮೇಟ್ರನ್‌ಗೆ ಕೇಳಿಸುವಂತೆ. "ಸಂಬಳ ಇಲ್ಲದೆ ಮಲಗೋಕೆ ಹೋಗ್ತಾಳೆ. ಇಲ್ಲಿ ಕಾಲರೆಲ್ಲಾ ಕತ್ತೆ ಕೊರಳಿಗೆ ಕತ್ತರಿಸಿಟ್ಟು."

ಕತ್ತರಿ ಎಂದಿನಂತೆ ಸೂಜಿಗಳನ್ನು ಕಚ್ಚಿಕೊಂಡಳು, ಮೊಳೆಯಿಂದ ಟೇಪು ತೆಗೆದು ಕೊರಳಿಗೆ ಹಾಕಿಕೊಂಡಳು. ಅಭ್ಯಾಸದಂತೆ ಮೇಲಿನ ಗುಂಡಿಯ ಹತ್ತಿರ ನೋಡಿದಳು, ಹದಿನೆಂಟು. ಮುಖ ತಿರುಗಿಸುವಾಗ ಟೇಪು ಮಗುಚಿತು. ಮತ್ತೆ ನೋಡಿದಳು, ನಲವತ್ತಾರು.

ಓ, ಇನ್ನೂ ಅಲ್ಲೇ ಮಲಗಿದ್ದೇನೆ, ಅಂದುಕೊಂಡಳು. ಎರಡು ಮುಖದ ಟೇಪು ಅವಳು ಕಾಣದ್ದೇನಲ್ಲ, ಆದರೆ ಅವಳು ಹುಟ್ಟಿದಾಗಿನಿಂದ ಆ ಮೊಳೆಯಲ್ಲಿ ಅಪ್ಪನದನ್ನು ಬಿಟ್ಟು ಬೇರೆ ಟೇಪು ನೇತಾಡಿದ್ದಿಲ್ಲ. ಬಾಯಿಯ ಸೂಜಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಉಗಿದಳು. ಗಲ್ಲಾಕ್ಕೆ ನಡೆದಳು. ಗುಂಡಿಗಳ ಡಬ್ಬಿ ಎತ್ತಿದಳು, ಅಕ್ಕನ ತಲೆಯ ಮೇಲೆ ಬೋರಲು ಹಾಕಿದಳು.

ಹೊಲಿಯುವವರ ಯಂತ್ರಗಳೆಲ್ಲ ಒಮ್ಮೆಲೇ ನಿಂತವು. ಕತ್ತರಿ ಅದನ್ನು ಗಮನಿಸಲಿಲ್ಲ. ದೊಡ್ಡ ಕತ್ತರಿ ಹಿಡಿದು ಮೇಟ್ರನ್ ಮುಂದಿದ್ದ ಬಿಳಿ ಬಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಸೊಟ್ಟಕ್ಕೆ ಸೀಳಿದಳು.

"ಏನೇ ಇದು! ಹುಚ್ಚು ಹಿಡೀತಾ?"

"ಮುಚ್ಚು ಬಾಯಿ. ಅಪ್ಪನ ಗಲ್ಲಾ ಮೇಲೆ ಕೂತ ತಕ್ಷಣ ಯಜಮಾನಿ ಆಗಿಬಿಟ್ಟೆಯಾ? ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ಲ ನಿನಗೆ. ಬಾಗಿಲು ಕಾಯೋ ನಾಯಿ ನೀನು. ಹೇಳೇ, ಅಮ್ಮ ಸಾಯೋವಾಗ ನನ್ನನ್ನ ಯಾಕೆ ಕರೀಲಿಲ್ಲ?"

ಅಕ್ಕ ಎದ್ದು ನಿಂತಳು. ಜಡೆಯಿಂದ, ಭುಜದಿಂದ, ಮಡಿಲಿನಿಂದ ಗುಂಡಿಗಳು ಉದುರಿದವು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಕನಸಿನಲ್ಲಾದರೆ ಈ ಹೊತ್ತಿಗೆ ಅವಳು ಕಾಲಿಗೆ ಬೀಳಬೇಕಿತ್ತು.

"ಕೇಳೇ ಹಾಗಾದ್ರೆ. ಕರೀತೀನಿ ಅಂತ ನಾನು ಅಂದೆ. ಬೇಡ ಅಂದಿದ್ದು ಅಮ್ಮ. 'ಅವಳನ್ನ ಮೇಲೆ ಬಿಡಬೇಡ. ಅವಳು ಬಂದ್ರೆ ನನ್ನ ಅಳತೆ ತಗೋತಾಳೆ' ಅಂದ್ಲು. ದಿನಾ ಅಂದ್ಲು. ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ಹೊದಿಕೆ ಎಳ್ಕೊಳ್ಳೋಳು, ಮುಖದ ತನಕ. ಕೊನೇ ದಿನಾನೂ ಅದನ್ನೇ ಅಂದ್ಲು. ಸಾಕಾ?"

ಕತ್ತರಿಗೆ ಒಂದೊಂದಾಗಿ ನೆನಪಾಯಿತು. ಸೊಂಟ ಎರಡಿಂಚು ಇಳಿದಿದೆ. ಸರಿಸಿದ ತಟ್ಟೆ. ತಿಂಗಳು ತಿಂಗಳು ಪಕ್ಕ ಹಿಡಿದು ಕೊಟ್ಟ ಉಡುಪುಗಳು, ಅಮ್ಮ ಅವನ್ನು ಹಾಕಿಕೊಂಡದ್ದನ್ನು ನೋಡಿದ ನೆನಪೇ ಇಲ್ಲ. ಈ ಉತ್ತರವನ್ನು ಅವಳು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಕ್ಕನ ಬಾಯಲ್ಲಿ ಇಟ್ಟಿರಲಿಲ್ಲ. ಇಡಲು ಅವಳಿಗೆ ಗೊತ್ತೇ ಇರಲಿಲ್ಲ. ಹಾಗಾದರೆ ಈ ಅಕ್ಕ ಯಾರು?

ಅವಳು ಕಣ್ಣುಗಳನ್ನು ಎಡಕ್ಕೆ ಹೊರಳಿಸಿದಳು. ಬಲಕ್ಕೆ, ಎಡಕ್ಕೆ, ಬಲಕ್ಕೆ. ಡಾಕ್ಟರು ನೋಡಲಿ, ಎಬ್ಬಿಸಲಿ. ಯಾರೂ ಎಬ್ಬಿಸಲಿಲ್ಲ. ಒಂದು ಗುಂಡಿ ಯಂತ್ರಗಳ ಕೆಳಗೆ ಉರುಳುತ್ತಾ ಹೋಗಿ ಗೋಡೆಗೆ ಬಡಿದು ನಿಂತಿತು.

"ಇವರ ಕಣ್ಣಿಗೆ ಏನಾಯ್ತು?" ಎಂದು ಮೇಟ್ರನ್ ಗಾಬರಿಯಿಂದ ಎದ್ದರು.

"ಅದರ ಕಣ್ಣಿಗೇನೂ ಆಗಲ್ಲ, ಆಗೋದೆಲ್ಲಾ ಎದುರಿಗಿರೋರಿಗೆ" ಎಂದಳು ಅಕ್ಕ.

ಕತ್ತರಿ ಟೇಪನ್ನು ಕೊರಳಿಂದ ತೆಗೆದು ತಿರುಗಿಸಿ ನೋಡಿದಳು. ಈ ಕಡೆ ಇಂಚು, ಆ ಕಡೆ ಸೆಂಟಿಮೀಟರು. ಅಂಕಿಗಳು ಅಚ್ಚು ಹಾಕಿದಲ್ಲೇ ನಿಂತಿದ್ದವು. ಕೈ ನಡುಗಿತು. "ಹನ್ನೊಂದು ವರ್ಷ ಯಾಕೆ ಹೇಳಲಿಲ್ಲ?" ಎಂದಳು, ಈ ಸಲ ದನಿಯೇ ಇಲ್ಲದೆ.

"ನೋಡ್ಕೋ ನಿನ್ನ ಕೈನ. ಅದಕ್ಕೇ ಹೇಳಲಿಲ್ಲ. ಕತ್ತರಿಸೋಳ ಕೈ ನಡುಗಿದ್ರೆ ಅಂಗಡಿ ಏನಾಗ್ಬೇಕು? ನನ್ನ ಮೇಲೆ ಹಲ್ಲು ಕಡಿಯೋವಾಗ ನಿನ್ನ ಗೆರೆ ನೆಟ್ಟಗಿರೋದು. ಕಡ್ಕೊಳ್ಳಲಿ ಅಂತ ಬಿಟ್ಟೆ." ಇದು ತ್ಯಾಗವೋ ಲೆಕ್ಕಾಚಾರವೋ ಎಂದು ಕೇಳಿದರೆ ಅಕ್ಕನೇ ಹೇಳಲಾರಳು. ಎರಡೂ ಇರಬೇಕು. ಮನುಷ್ಯರು ದ್ವೇಷಿಸುವಾಗಲೂ ಎರಡು ಕೆಲಸ ಒಟ್ಟಿಗೇ ಮಾಡುತ್ತಾರೆ.

ಸಂಜೆ ಅಕ್ಕನ ಮಗಳು ಬಂದು, ಚಿಕ್ಕಮ್ಮನಿಂದ ಎಲ್ಲ ಕೇಳಿಕೊಂಡು, ಇದೆಲ್ಲಾ ಕನಸು ಅಂದುಕೊಂಡು ಆದದ್ದು ಎಂದು ತಾಯಿಗೆ ತಿಳಿಸಿ ಹೇಳಿದಳು. ಕೂದಲಿನಿಂದ ಕೊನೆಯ ಗುಂಡಿ ಬಿಡಿಸಿಕೊಳ್ಳುತ್ತಾ ಅಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. "ಹಂಗಾದ್ರೆ ಇಷ್ಟು ವರ್ಷ ದಿನಾ ರಾತ್ರಿ ನನ್ನ ತಲೆ ಮೇಲೆ ಸುರೀತಿದ್ಲಾ? ಅದಕ್ಕೇ ನನಗೆ ಬೆಳಗ್ಗೆ ಎದ್ದ ಕೂಡ್ಲೇ ತಲೆನೋವು."

ಕತ್ತರಿ ಲ್ಯಾಬಿಗೆ ಮತ್ತೆ ಹೋಗಲಿಲ್ಲ. ಡಾಕ್ಟರು ಹೇಳಿಕಳಿಸಿದರು, ಹೋಗಲಿಲ್ಲ. ಕನಸುಗಳು ಬೀಳದೆ ಬಿಡಲಿಲ್ಲ; ಕನಸೆಂದು ತಿಳಿಯದೆಯೂ ಬಿಡಲಿಲ್ಲ. ಗೋಡೆಯನ್ನು ಕರಗಿಸಬಲ್ಲಳು, ಮಹಡಿಯನ್ನು ಹಾರಿಸಬಲ್ಲಳು. ಆದರೆ ಕನಸಿನ ಅಕ್ಕನಿಗೆ ಈಗ ಒಂದೇ ಉತ್ತರ ಬಾಯಿಪಾಠವಾಗಿತ್ತು. ಮರೆತೆ ಅನ್ನು, ಹೊಟ್ಟೆಕಿಚ್ಚು ಅನ್ನು ಎಂದು ಕತ್ತರಿ ಗದರಿದಳು, ಬೇಡಿಕೊಂಡಳು. ಅವಳು ಕೇಳಲಿಲ್ಲ. ಆಮೇಲೆ ಕತ್ತರಿ ಕನಸಿನಲ್ಲಿ ಗಲ್ಲಾದ ಕಡೆ ಹೋಗುವುದನ್ನೇ ಬಿಟ್ಟಳು.

ಎಚ್ಚರದಲ್ಲಿ ಕಣ್ಣಳತೆ ಬಿಟ್ಟಳು. ಬಂದವರ ಮುಖ ನೋಡಿ, ಆಮೇಲೆ ನೆಲ ನೋಡಿ, ಟೇಪು ಸುತ್ತಿ ಅಳೆಯುತ್ತಿದ್ದಳು. ಅದರಿಂದ ಕೆಲಸ ನಿಧಾನವಾಯಿತು. "ಕಣ್ಣು ಕುರುಡಾಯ್ತಾ?" ಎಂದು ಅಕ್ಕ ಕೂಗುತ್ತಿದ್ದಳು. ಅಂಗಡಿ ಬಿಟ್ಟುಹೋಗು ಎಂದು ಅಕ್ಕ ಅನ್ನಲಿಲ್ಲ, ಹೋಗುತ್ತೇನೆ ಎಂದು ತಂಗಿಯೂ ಅನ್ನಲಿಲ್ಲ. ಎಲ್ಲಿಗೆ ಹೋಗಬೇಕು? ಬೈಯಲೂ ಗೊತ್ತಿರುವ ಜನ ಬೇಕು.

ಒಂದು ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ಅಕ್ಕ ಗಲ್ಲಾದಲ್ಲಿ ಕೂತು ಗುಂಡಿಗಳನ್ನು ಬಣ್ಣಕ್ಕೆ ತಕ್ಕಂತೆ ಬೇರೆ ಮಾಡುತ್ತಿದ್ದಳು. ಕತ್ತರಿ ಮೇಜಿನ ಹತ್ತಿರ ನಿಂತು ಟೇಪಿನ ಇಂಚಿನ ಮುಖ ನೋಡಿದಳು, ಇಪ್ಪತ್ತೆರಡು. ಮುಖ ತಿರುಗಿಸಿ ಮತ್ತೆ ನೋಡಿದಳು, ಇಪ್ಪತ್ತೆರಡು. ಇನ್ನೊಮ್ಮೆಯೂ ನೋಡಿದಳು. ಆಮೇಲೆ ಬಾಯಿಯ ಸೂಜಿಗಳನ್ನು ತೆಗೆದಿಟ್ಟು ಗಲ್ಲಾದವರೆಗೆ ನಡೆದಳು.

"ಅಕ್ಕಾ."

"ಏನು?"

"ಅಮ್ಮ ನನ್ನ ಬಗ್ಗೆ ಇನ್ನೇನಾದ್ರೂ ಹೇಳಿದ್ಲಾ?"

ಅಕ್ಕ ಒಂದು ಬಿಳಿ ಗುಂಡಿಯನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ಹಾಕಿದಳು.

"ಹೇಳಿದ್ಲು."

ಅಕ್ಕ ಇನ್ನೊಂದು ಗುಂಡಿ ಎತ್ತಿಕೊಂಡಳು.

"ಏನಂದ್ಲು?"

"ಕನಸಲ್ಲಿ ಕೇಳ್ಕೋ ಹೋಗು" ಎಂದಳು ಅಕ್ಕ.